ಹಳೆ ಎಂಜಿಬಿ ಕೊಳ್ಳಲೋ ಬೇಡವೋ? ಮೊದಲು ಬಾಗಿಲು ತೆಗೆದು ನೋಡಿ

ಪ್ರಶ್ನೆ: ಸರ್, ನಾನು ಹಾಸನದವನು. ಈಗ ಇಂಗ್ಲೆಂಡಿನ ಸ್ವಿಂಡನ್‌ನಲ್ಲಿದ್ದೇನೆ. ಪಕ್ಕದ ಬೀದಿಯಲ್ಲಿ 1973ರ ಎಂಜಿಬಿ ರೋಡ್‌ಸ್ಟರ್ ಒಂದು ಮಾರಾಟಕ್ಕಿದೆ, ಎಂಜಿ ಕಂಪನಿಯ ಹಳೆ ಇಂಗ್ಲಿಷ್ ಓಪನ್ ಸ್ಪೋರ್ಟ್ಸ್ ಕಾರು. ಕಾರಿನ ಯಜಮಾನರು ತೀರಿಕೊಂಡಿದ್ದಾರೆ, ಮಗ ಮಾರುತ್ತಿದ್ದಾನೆ. 4,500 ಪೌಂಡ್ ಹೇಳುತ್ತಿದ್ದಾನೆ. ಹತ್ತು ವರ್ಷದಿಂದ ಗ್ಯಾರೇಜಿನಲ್ಲೇ ನಿಂತಿದೆ. ಎಂಜಿನ್ ಜಾಮ್ ಆಗಿಲ್ಲ, ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ. ಕ್ರೋಮ್ ಬಂಪರ್, ಸ್ಪೋಕ್ ಚಕ್ರ, ಕೆಂಪು ಬಣ್ಣ. ಕಾರಿನ ತಳಕ್ಕೆ ಈಗಷ್ಟೇ ಕಪ್ಪು ಅಂಡರ್‌ಕೋಟ್ ಹೊಡೆಸಿದ್ದಾರೆ, ನೀಟಾಗಿದೆ. ಡ್ರೈವರ್ ಕಡೆ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು, ಅದು ಬಿಟ್ಟರೆ ಬಾಡಿ ಚೆನ್ನಾಗಿದೆ. 3,000 ಪೌಂಡ್ ಬೇರೆ ಇಟ್ಟುಕೊಂಡಿದ್ದೇನೆ. ಈ ಚಳಿಗಾಲದಲ್ಲಿ ನಾನೇ ಕೂತು ಮುಗಿಸಬೇಕು ಅಂತ ಆಸೆ. ಇಬ್ಬರು ಚಿಕ್ಕ ಮಕ್ಕಳು, ಭಾನುವಾರ ನಾಲ್ಕು ಗಂಟೆ ಸಿಕ್ಕರೆ ಹೆಚ್ಚು. ತಗೊಳ್ಳಲಾ? ಮುಂದೆ ರೇಟು ಏರುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಬಾಯಿ ತಪ್ಪಿ ಬರೆದ ಹಾಗಿರುವ ಎರಡು ಸಾಲುಗಳಲ್ಲೇ ಉತ್ತರ ಇದೆ. ಬಾಗಿಲು ಎತ್ತಿ ಹಾಕಬೇಕು. ತಳಕ್ಕೆ ಹೊಸ ಕಪ್ಪು ಬಣ್ಣ. ಹತ್ತು ವರ್ಷ ಕತ್ತಲಲ್ಲಿ ನಿಂತ ಕಾರಿಗೆ ಈಗ ಯಾಕೆ ತಳಕ್ಕೆ ಬಣ್ಣ ಹೊಡೆದರು? ಎಂಜಿನ್ ಸ್ಟಾರ್ಟ್ ಮಾಡಿಸಲಿಲ್ಲ, ಬ್ರೇಕ್ ಸರಿ ಮಾಡಿಸಲಿಲ್ಲ, ಟೈರ್ ಹಾಕಿಸಲಿಲ್ಲ, ಯಾರೂ ಬಗ್ಗಿ ನೋಡದ ಜಾಗಕ್ಕೆ ಮಾತ್ರ ದುಡ್ಡು ಹಾಕಿದ್ದಾರೆ. ಹುಡುಗ ಒಳ್ಳೆಯವನೇ ಇರಬಹುದು, ಯಾರೋ ಹೇಳಿದ್ದಕ್ಕೆ ಹೊಡೆಸಿರಬಹುದು. ಆದರೆ ಆ ಬಣ್ಣದ ಹಿಂದೆ ಏನಿದೆ ಅಂತ ನೋಡದೆ ಒಂದು ಪೌಂಡೂ ಕೊಡಬೇಡಿ.

ಎಂಜಿಬಿಯಲ್ಲಿ ಚಾಸಿ ಅಂತ ಬೇರೆ ಇಲ್ಲ. ಬಾಡಿಯೇ ಚಾಸಿ. ಮೇಲೆ ತಗಡಿನ ಛಾವಣಿಯೂ ಇಲ್ಲದ ರೋಡ್‌ಸ್ಟರ್‌ನಲ್ಲಿ ಇಡೀ ಕಾರನ್ನು ನಡು ಬಗ್ಗದಂತೆ ಹಿಡಿದಿಡುವುದು ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಓಡುವ ಡಬ್ಬಿಯಂಥ ಭಾಗ. ಅಲ್ಲಿ ಅದಕ್ಕೆ ಸಿಲ್ ಅಂತಾರೆ, ನಮ್ಮ ಟಿಂಕರಿಂಗ್ ಅಂಗಡಿಗಳಲ್ಲಿ ರನ್ನಿಂಗ್ ಬೋರ್ಡ್ ಅನ್ನುವುದುಂಟು. ಹೊರಗಡೆ ಕಾಣುವುದು ಒಂದು ಪದರ ಅಷ್ಟೇ. ಅದರ ಹಿಂದೆ ನಡುವಿನ ತಗಡು, ಅದರ ಹಿಂದೆ ಒಳಗಿನ ಸಿಲ್, ಎಲ್ಲದರ ಬುಡದಲ್ಲಿ ಒಂದು ಉದ್ದ ಪಟ್ಟಿ. ಇಂಗ್ಲೆಂಡಿನಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪುನೀರು ಮುಂದಿನ ಚಕ್ರದ ಹಿಂದೆ ಹೋಗಿ ಕೂತು ಈ ಡಬ್ಬಿಯನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ.

ಹಾಗಾಗಿ ಮತ್ತೊಮ್ಮೆ ಹೋಗಿ. ಈ ಸಲ ಹಳೆ ಪ್ಯಾಂಟ್ ಹಾಕಿಕೊಂಡು ಹೋಗಿ, ನೆಲದ ಮೇಲೆ ಮಲಗಬೇಕು. ಟಾರ್ಚ್, ಒಂದು ಚಿಕ್ಕ ಮ್ಯಾಗ್ನೆಟ್, ಮ್ಯಾಗ್ನೆಟ್‌ಗೆ ಸುತ್ತಲು ತೆಳು ಬಟ್ಟೆ, ಇಷ್ಟು ಸಾಕು.

ಮೊದಲು ಆ ಬಾಗಿಲು. ಅರ್ಧ ತೆಗೆದು ತುದಿಯನ್ನು ಹಿಡಿದು ಮೇಲಕ್ಕೆ ಎತ್ತಿ. ಕೀಲು ಲಟಕ್ ಅಂತ ಆಡಿದರೆ ಪಿನ್ ಸವೆದಿದೆ ಅಂತ ಅರ್ಥ, ಅದು ಸಣ್ಣ ಕೆಲಸ, ಚಿಂತೆ ಬೇಡ. ಕೀಲು ಗಟ್ಟಿಯಾಗಿದ್ದೂ ಬಾಗಿಲು ಕೆಳಗೆ ಬಡಿಯುತ್ತಿದ್ದರೆ ಬಾಗಿಲು ಇಳಿದಿಲ್ಲ, ಕಾರೇ ನಡುವಿನಲ್ಲಿ ಜೋತಿದೆ. ಬಾಗಿಲು ಮುಚ್ಚಿ ಹಿಂದಿನ ಸಂದನ್ನು ನೋಡಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಲಕ್ಷಣ ಒಳ್ಳೆಯದಲ್ಲ. ಆಮೇಲೆ ಹುಡುಗನ ಒಪ್ಪಿಗೆ ತೆಗೆದುಕೊಂಡು ಒಂದು ಬದಿಗೆ ಜಾಕ್ ಕೊಡಿ, ಚಕ್ರ ನೆಲ ಬಿಡುವವರೆಗೆ, ಕಣ್ಣು ಆ ಸಂದಿನ ಮೇಲೇ ಇರಲಿ. ಗಟ್ಟಿ ಕಾರಿನಲ್ಲಿ ಸಂದು ಅಲುಗುವುದಿಲ್ಲ. ಸಂದಿನ ಅಳತೆ ಬದಲಾದರೆ, ಬಾಗಿಲು ತೆಗೆಯಲು ಬಾರದೆ ಹಿಡಿದುಕೊಂಡರೆ, ಅಲ್ಲಿಗೆ ವ್ಯಾಪಾರ ಮುಗಿಯಿತು, ಥ್ಯಾಂಕ್ಸ್ ಹೇಳಿ ಮನೆಗೆ ಬನ್ನಿ. ಜಾಕ್ ಕೊಡುವಾಗ ಕರಕರ ಅಂತ ಸದ್ದು ಬಂದರೆ ತಕ್ಷಣ ಇಳಿಸಿ, ಕಾರಿನ ಕೆಳಗೆ ಮಾತ್ರ ಕೈ ಹಾಕಬೇಡಿ.

ಇನ್ನು ಮಲಗಿ ನೋಡುವುದು. ಸಿಲ್‌ನ ಬುಡದ ಪಟ್ಟಿ ಇದೆ ಅಂದೆನಲ್ಲ, ಕಾರ್ಖಾನೆಯಿಂದ ಬಂದ ಪಟ್ಟಿ ಕೋಟೆಗೋಡೆಯ ತೆನೆಯ ಹಾಗೆ ಒಂದು ಏರು, ಒಂದು ಇಳಿವು ಇರುತ್ತದೆ. ಆ ಹಲ್ಲುಗಳ ಸಂದಿನಿಂದಲೇ ನೀರು ಬಸಿದು ಹೋಗುವುದು. ಆ ತೆನೆ ಸ್ಪಷ್ಟವಾಗಿ ಕಂಡರೆ ಅರ್ಧ ಜೀವ ಬಂದಂತೆ. ತೆನೆಯೇ ಇಲ್ಲದೆ ಸಪಾಟಾಗಿ ಒಂದು ತಗಡು ಬೆಸೆದು ಅದರ ಮೇಲೆ ಕಪ್ಪು ಬಳಿದಿದ್ದರೆ, ಯಾರೋ ಹಳೆ ತುಕ್ಕಿನ ಮೇಲೆ ಹೊಸ ತಗಡಿನ ಮುಚ್ಚಳ ಹಾಕಿದ್ದಾರೆ. ನೀರು ಹೋಗಲು ಈಗ ದಾರಿ ಇಲ್ಲ. ಒಳಗೆ ಕೊಳೆಯುವುದು ಇನ್ನೂ ಬೇಗ. 1980, 90ರ ದಶಕದಲ್ಲಿ ಎಂಜಿಬಿಗಳಿಗೆ ಬೆಲೆ ಇಲ್ಲದ ಕಾಲದಲ್ಲಿ ಪರೀಕ್ಷೆ ಪಾಸ್ ಮಾಡಿಸಲು ಇಂಥ ಮುಚ್ಚಳದ ಕೆಲಸ ಬೇಕಾದಷ್ಟು ನಡೆದಿದೆ. ಬಟ್ಟೆ ಸುತ್ತಿದ ಮ್ಯಾಗ್ನೆಟ್ಟನ್ನು ಹಿಂದಿನ ಚಕ್ರದ ಮುಂದೆ, ಹೆಡ್‌ಲೈಟ್ ಹಿಂದೆ, ಸಿಲ್ ಉದ್ದಕ್ಕೂ ಓಡಿಸಿ. ಹಿಡಿಯದೆ ಜಾರಿದ ಜಾಗದಲ್ಲಿ ಪುಟ್ಟಿ ಇದೆ. ಸೀಟಿನ ಹಿಂದೆ ನೆಲದಲ್ಲಿ ಬ್ಯಾಟರಿ ಮುಚ್ಚಳ ಇರುತ್ತದೆ, ಅದನ್ನೂ ಎತ್ತಿ. 1973ರ ಕಾರಿನಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಅಲ್ಲಿ ಕೂತಿರುತ್ತಿದ್ದವು, ಆ ಡಬ್ಬಿಗಳ ತಳ ಹೋಗಿರುವುದೇ ಹೆಚ್ಚು. ಅದು ದೊಡ್ಡ ದೋಷವಲ್ಲ, ಚೌಕಾಸಿಗೆ ಉಪಯೋಗಕ್ಕೆ ಬರುತ್ತದೆ.

ಇದಕ್ಕೆಲ್ಲ ಮೊದಲು, ಈಗಲೇ, ಸೋಫಾದಲ್ಲಿ ಕೂತೇ ಮಾಡಬಹುದಾದ ಒಂದು ಕೆಲಸ ಇದೆ. ಬ್ರಿಟಿಷ್ ಸರ್ಕಾರದ ಸೈಟಿನಲ್ಲಿ ಕಾರಿನ ನಂಬರ್ ಹಾಕಿದರೆ 2005ರಿಂದೀಚಿನ ಎಂಒಟಿ (ಕಾರು ರಸ್ತೆಗೆ ಯೋಗ್ಯವೇ ಅಂತ ವರ್ಷಕ್ಕೊಮ್ಮೆ ನೋಡುವ ತಪಾಸಣೆ) ಪರೀಕ್ಷೆಗಳ ವಿವರ ಬಿಟ್ಟಿಯಾಗಿ ಸಿಗುತ್ತದೆ. ಯಾವ ವರ್ಷ ಫೇಲ್ ಆಯಿತು, ಯಾಕೆ ಫೇಲ್ ಆಯಿತು, ಪಾಸ್ ಮಾಡಿದರೂ ಇನ್‌ಸ್ಪೆಕ್ಟರ್ ಏನು ಎಚ್ಚರಿಕೆ ಬರೆದ, ಎಲ್ಲ ಇರುತ್ತದೆ. ಕೊನೆಯ ಎರಡು ಮೂರು ಪರೀಕ್ಷೆಯಲ್ಲಿ ತುಕ್ಕಿನ ಮಾತು ಬಂದಿದ್ದು ಆಮೇಲೆ ಕಾರು ಗ್ಯಾರೇಜ್ ಸೇರಿದ್ದರೆ, ಅದು ಯಾಕೆ ನಿಂತಿತು ಅಂತ ಇನ್ನು ಯಾರನ್ನೂ ಕೇಳಬೇಕಾಗಿಲ್ಲ. ಅಂದ ಹಾಗೆ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರಿಗೆ ಅಲ್ಲಿ 2018ರಿಂದ ಎಂಒಟಿ ಕಡ್ಡಾಯವಲ್ಲ. ರಸ್ತೆ ತೆರಿಗೆಯೂ ಇಲ್ಲ, ಹೆಚ್ಚು ಹೊಗೆ ಬಿಡುವ ಗಾಡಿಗಳಿಗೆ ಲಂಡನ್ನಿನಲ್ಲಿ ಹಾಕುವ ಯೂಲೆಝ್ ಶುಲ್ಕವೂ ಇಲ್ಲ. ಮಾರುವವರು ಇದನ್ನು ದೊಡ್ಡ ಗುಣ ಅಂತ ಹೇಳುತ್ತಾರೆ. ತೆರಿಗೆ ಉಳಿತಾಯ ಸರಿ. ಪರೀಕ್ಷೆ ಇಲ್ಲದಿರುವುದು ಮಾತ್ರ ಕೊಳ್ಳುವವನಿಗೆ ಲಾಭವಲ್ಲ. ಕಡ್ಡಾಯ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಮಾಡಿಸಿ, ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ನೀವು.

ಎಂಜಿನ್ ತಿರುಗುತ್ತದೆ ಅಂತ ಖುಷಿಯಿಂದ ಬರೆದಿದ್ದೀರಿ. ತಿರುಗದಿದ್ದರೂ ನಾನು ಇಷ್ಟು ಹೆದರುತ್ತಿರಲಿಲ್ಲ. 1798 ಸಿಸಿಯ ಆ ಎಂಜಿನ್ ಟ್ರ್ಯಾಕ್ಟರ್ ಜಾತಿಯದು, ಎರಡು ಎಸ್‌ಯು ಕಾರ್ಬ್ಯುರೇಟರ್, ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಎಂಜಿಬಿಯನ್ನು 1962ರಿಂದ 1980ರವರೆಗೆ ಆಬಿಂಗ್ಡನ್‌ನಲ್ಲಿ ಐದು ಲಕ್ಷಕ್ಕೂ ಜಾಸ್ತಿ ಮಾಡಿದರು. ಹಾಗಾಗಿ ವಾಟರ್ ಪಂಪ್‌ನಿಂದ ಹಿಡಿದು ಡ್ಯಾಶ್‌ಬೋರ್ಡ್ ಸ್ವಿಚ್ಚಿನವರೆಗೆ ಹೆಚ್ಚುಕಡಿಮೆ ಎಲ್ಲ ಸ್ಪೇರ್ ಪಾರ್ಟ್ಸ್ ಇವತ್ತಿಗೂ ಹೊಸದಾಗಿ ಸಿಗುತ್ತದೆ, ಅದೂ ಇವತ್ತಿನ ಫ್ಯಾಮಿಲಿ ಕಾರಿನ ಪಾರ್ಟ್ಸ್‌ಗಿಂತ ಕಡಿಮೆ ರೇಟಿಗೆ. ಬೇಕಾದರೆ ಇಡೀ ಬಾಡಿಯೇ ಹೊಸದು ಸಿಗುತ್ತದೆ! ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು 1988ರಲ್ಲಿ ಕಾರ್ಖಾನೆಯ ಮೂಲ ಅಚ್ಚುಗಳನ್ನೇ ಹಿಡಿದು ಹೊಸ ಎಂಜಿಬಿ ಬಾಡಿ ಮಾಡತೊಡಗಿದರು. ಬರೀ ಬಾಡಿಗೇ ಹತ್ತು ಸಾವಿರ ಪೌಂಡ್ ಮೇಲಾಗುತ್ತದೆ, ಬಣ್ಣ ಬೇರೆ. ಬಾಡಿಗೂ ಎಂಜಿನ್ನಿಗೂ ಇರುವ ಅಂತರ ಇಲ್ಲೇ ಗೊತ್ತಾಗುತ್ತದೆ, ಅಲ್ವಾ? ಎಂಜಿನ್ ಕೆಲಸ ಪುಸ್ತಕ ನೋಡಿಕೊಂಡು ನೀವೇ ಮಾಡಬಹುದು. ಮೂರು ಪದರದ ಸಿಲ್ ಕತ್ತರಿಸಿ, ಬಾಡಿ ಬಗ್ಗದಂತೆ ಬಾಗಿಲ ಜಾಗಕ್ಕೆ ಕಬ್ಬಿಣದ ಕಂಬಿ ಬೆಸೆದು, ಹೊಸದು ಕೂರಿಸಿ, ಸಂದು ಸಮ ಮಾಡುವುದು ಭಾನುವಾರ ಕಲಿಯುವ ವಿದ್ಯೆ ಅಲ್ಲ.

ಈಗ ಲೆಕ್ಕ. ನನ್ನ ಅಂದಾಜು ಹೇಳುತ್ತೇನೆ, ಊರಿಂದೂರಿಗೆ ಹೆಚ್ಚುಕಮ್ಮಿ ಇರುತ್ತದೆ. ಎರಡೂ ಕಡೆ ಸಿಲ್ ಸರಿಯಾಗಿ ಮಾಡಿಸಿ ಆ ಜಾಗಕ್ಕಷ್ಟೇ ಬಣ್ಣ ಹೊಡೆಸಿದರೂ ಐದು ಸಾವಿರ ಪೌಂಡ್ ಕೈ ಬಿಡುತ್ತದೆ. ಪೂರ್ತಿ ಬಣ್ಣ ಅಂದರೆ ಇನ್ನೊಂದು ಅಷ್ಟೇ. ಹತ್ತು ವರ್ಷ ನಿಂತ ಕಾರಿನ ಬ್ರೇಕ್ ಸಿಲಿಂಡರ್, ಕ್ಯಾಲಿಪರ್, ರಬ್ಬರ್ ಪೈಪ್, ಕ್ಲಚ್ ಸಿಲಿಂಡರ್, ಪೆಟ್ರೋಲ್ ಟ್ಯಾಂಕ್, ಐದು ಟೈರ್, ಮೇಲಿನ ಬಟ್ಟೆಯ ಹುಡ್, ಇವಿಷ್ಟಕ್ಕೆ ಕೂಲಿ ಇಲ್ಲದೆ ನೀವೇ ಮಾಡಿಕೊಂಡರೂ ಎರಡು ಸಾವಿರ. ಕ್ಲಚ್ ಪ್ಲೇಟ್ ಅಂಟಿಕೊಂಡಿದ್ದರೆ ಎಂಜಿನ್ ಹೊರಗೆ ಎತ್ತಬೇಕು, ಈ ಕಾರಿನಲ್ಲಿ ಬೇರೆ ದಾರಿ ಇಲ್ಲ. ಸ್ಪೋಕ್ ಚಕ್ರ ಚೆಂದ ಕಾಣುತ್ತದೆ ನಿಜ, ಆದರೆ ಒಳಗಿನ ಹಲ್ಲು ಸವೆದಿದ್ದರೆ ಚಕ್ರದ ಜೊತೆ ಅದು ಕೂರುವ ಹಬ್ ಕೂಡ ಬದಲಿಸಬೇಕು. ಎಲ್ಲ ಸೇರಿಸಿದರೆ 4,500ರ ಕಾರು 15,000 ದಾಟುತ್ತದೆ. ಆಮೇಲೆ ಮಾರಲು ಹೋದರೆ ಹತ್ತು ಹನ್ನೆರಡು ಸಾವಿರ ಸಿಕ್ಕರೆ ಪುಣ್ಯ. ರೇಟು ಏರುತ್ತಾ ಅಂತ ಕೇಳಿದ್ದೀರಿ. ಐದು ಲಕ್ಷ ಮಾಡಿದ ಕಾರು ಅಪರೂಪದ ವಸ್ತು ಅಲ್ಲ ಸ್ವಾಮಿ. ದುಡ್ಡು ಬೆಳೆಸಬೇಕಿದ್ದರೆ ಹಾಸನದಲ್ಲಿ ಸೈಟ್ ನೋಡಿ.

ಸಮಯದ ಲೆಕ್ಕ ಇನ್ನೂ ಕಷ್ಟ. ಪೂರ್ತಿ ಬಿಚ್ಚಿ ಜೋಡಿಸುವ ಕೆಲಸಕ್ಕೆ ಸಾವಿರ ಗಂಟೆ ಹಿಡಿಯುವುದು ಮಾಮೂಲು. ವಾರಕ್ಕೆ ನಾಲ್ಕು ಗಂಟೆ ಅಂದರೆ ವರ್ಷಕ್ಕೆ ಇನ್ನೂರು. ಐದು ವರ್ಷ ಆಯಿತು. ಅಷ್ಟರಲ್ಲಿ ನೆಂಟರು ಬರುತ್ತಾರೆ, ಜ್ವರ ಬರುತ್ತದೆ, ಊರಿಗೆ ಹೋಗುವುದಿರುತ್ತದೆ. ಜಾಗವೂ ನೋಡಿಕೊಳ್ಳಿ. ಕಾರು ಚಿಕ್ಕದೇ, ನಾಲ್ಕು ಮೀಟರಿಗೂ ಕಡಿಮೆ ಉದ್ದ. ಆದರೆ ಬಿಚ್ಚಿದ ಕಾರು ಜೋಡಿಸಿದ ಕಾರಿನ ಎರಡರಷ್ಟು ಜಾಗ ತಿನ್ನುತ್ತದೆ. ರೆಕ್ಕೆ (ಮಡ್ ಗಾರ್ಡ್) ಒಂದು ಕಡೆ, ಸೀಟು ಒಂದು ಕಡೆ, ಮಾಳಿಗೆಯಲ್ಲಿ ವಿಂಡ್‌ಸ್ಕ್ರೀನ್.

ಹಾಗಾದರೆ ಏನು ಮಾಡುವುದು? ಬಾಗಿಲ ಪರೀಕ್ಷೆ, ತೆನೆಯ ಪರೀಕ್ಷೆ ಎರಡೂ ಪಾಸಾದರೆ, ಓಡದ ಕಾರಿಗೆ ಓಡದ ಕಾರಿನ ರೇಟು ಕೇಳಿ. 2,500ರಿಂದ ಶುರು ಮಾಡಿ, ಮೂರು ಸಾವಿರ ದಾಟಬೇಡಿ. ಅಷ್ಟಕ್ಕೆ ಬಂದರೆ ಕಣ್ಣುಮುಚ್ಚಿ ತಗೊಳ್ಳಿ, ನಿಮ್ಮ ಬಜೆಟ್ಟಿನಲ್ಲೇ ಅದು ಓಡುತ್ತದೆ. ಫೇಲಾದರೆ ಸಾವಿರಕ್ಕೆ ಕೊಟ್ಟರೂ ಬೇಡ. ನಿಮ್ಮ ಕೈಯಲ್ಲಿ ಒಟ್ಟು 7,500 ಇದೆ. ಅಷ್ಟಕ್ಕೆ ಬೇರೆ ಯಾರೋ ಈಗಾಗಲೇ ಕೈ ಸುಟ್ಟುಕೊಂಡು ಸಿಲ್ ಮಾಡಿಸಿದ, ಫೋಟೊ ಬಿಲ್ಲು ಎಲ್ಲ ಇಟ್ಟಿರುವ, ಓಡುತ್ತಿರುವ ಎಂಜಿಬಿ ಸಿಗುತ್ತದೆ. 1974ರ ಕೊನೆಯಿಂದ ಬಂದ ಕಪ್ಪು ರಬ್ಬರ್ ಬಂಪರಿನ ಮಾಡೆಲ್ ಆದರೆ ಆರಾಮಾಗಿ ಸಿಗುತ್ತದೆ. ಅಮೆರಿಕದ ಕಾನೂನಿಗಾಗಿ ಆ ದಪ್ಪ ಬಂಪರ್ ಹಾಕಿ ಕಾರನ್ನು ಒಂದು, ಒಂದೂವರೆ ಇಂಚು ಎತ್ತರಿಸಿದರು ಅಂತ ಕ್ಲಬ್ಬಿನ ಹಿರಿಯರು ಮೂಗು ಮುರಿಯುತ್ತಾರೆ, ರೇಟು ಕಡಿಮೆ ಇರುವುದೂ ಅದಕ್ಕೇ. ಅವರು ಮುರಿದುಕೊಳ್ಳಲಿ. ಒಳಗೆ ಕೂತವರಿಗೆ ಬಂಪರ್ ಕಾಣುವುದಿಲ್ಲ.

ಓಡುವ ಕಾರು ತಂದರೆ ರಿಪೇರಿ ಮಾಡುವ ಸುಖ ತಪ್ಪುತ್ತದೆ ಅಂತ ಬೇಜಾರಾಗಬೇಡಿ, ಐವತ್ತು ವರ್ಷದ ಇಂಗ್ಲಿಷ್ ಕಾರು ನಿಮ್ಮನ್ನು ಖಾಲಿ ಕೂರಿಸುವುದಿಲ್ಲ. ಈ ಚಳಿಗಾಲ ಬ್ರೇಕ್, ಮುಂದಿನ ಚಳಿಗಾಲ ಕಾರ್ಪೆಟ್ಟು, ವೈರಿಂಗ್. ನಡುವೆ ಬೇಸಿಗೆ ಪೂರ್ತಿ ಓಡಿಸಬಹುದು. ನೋಡುವಾಗ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ಮುಳ್ಳು ನೋಡಿ, ಓಡುವಾಗ 50ರ ಆಸುಪಾಸು ಇರಬೇಕು. ಓವರ್‌ಡ್ರೈವ್ (ಟಾಪ್ ಗೇರಿನ ಮೇಲೆ ಇನ್ನೊಂದು ಗೇರಿನಂತೆ ಕೆಲಸ ಮಾಡುವುದು) ಇದೆಯಾ ಕೇಳಿ, ಸ್ವಿಚ್ ಒತ್ತಿ ಆರ್‌ಪಿಎಂ ಇಳಿಯುತ್ತಾ ನೋಡಿ. ಮೋಟರ್‌ವೇ ಮೇಲೆ ಅದಿಲ್ಲದಿದ್ದರೆ ಕಿವಿ ಹೋಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಇ10 (ಶೇಕಡಾ ಹತ್ತರವರೆಗೆ ಎಥನಾಲ್ ಬೆರೆತದ್ದು) ಬಿಟ್ಟು ಇ5 ಸೂಪರ್ ಹಾಕಿಸಿ, ಹಳೆ ರಬ್ಬರ್ ಪೈಪು ಎಥನಾಲ್‌ಗೆ ಕರಗುತ್ತದೆ. ಇನ್ಶೂರೆನ್ಸ್ ಮಾಡಿಸುವಾಗ ಬೆಲೆ ಮೊದಲೇ ಒಪ್ಪಿಕೊಳ್ಳುವ ಪಾಲಿಸಿ ಕೇಳಿ. ಇನ್ನೊಂದು, ಎಂಜಿ ಕ್ಲಬ್ಬಿಗೆ ಕಾರು ಕೊಳ್ಳುವ ಮುಂಚೆಯೇ ಸೇರಿ. ಆಬಿಂಗ್ಡನ್ ನಿಮ್ಮಿಂದ ಹತ್ತಿರವೇ, ಎಂಜಿ ಕಾರ್ ಕ್ಲಬ್ಬಿನ ಆಫೀಸು ಅಲ್ಲೇ ಇದೆ. ಒಂದು ಕಪ್ ಟೀ ಕೊಡಿಸಿದರೆ ಮೂವತ್ತು ವರ್ಷ ಈ ಸಿಲ್‌ಗಳ ಕೆಳಗೇ ಮಲಗಿದ ರಿಟೈರ್ಡ್ ಯಜಮಾನರೊಬ್ಬರು ನಿಮ್ಮ ಜೊತೆ ಬಂದು ಕಾರು ನೋಡಿಕೊಡುತ್ತಾರೆ. ನನ್ನ ಈ ಉದ್ದ ಉತ್ತರಕ್ಕಿಂತ ಅದು ವಾಸಿ.

ಪ್ರಶ್ನೆ: ನಮಸ್ಕಾರ. ಮಿಲ್ಟನ್ ಕೀನ್ಸ್‌ನಿಂದ ಬರೆಯುತ್ತಿದ್ದೇನೆ, ಹೆಸರು ಹಾಕಬೇಡಿ. ನಮ್ಮ ಯಜಮಾನರು ಟ್ರಯಂಫ್ ಸ್ಪಿಟ್‌ಫೈರ್ 1500 ಅನ್ನುವ ಹಳೆ ಓಪನ್ ಸ್ಪೋರ್ಟ್ಸ್ ಕಾರು ತಂದು ನಾಲ್ಕು ವರ್ಷ ಆಯಿತು. ಮೊದಲ ತಿಂಗಳಲ್ಲೇ ಪೂರ್ತಿ ಬಿಚ್ಚಿದರು. ಈಗ ಬಾನೆಟ್ ನಮ್ಮ ಊಟದ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿದೆ. ಕೇಳಿದರೆ ಮುಂದಿನ ಬೇಸಿಗೆ ಅಂತಾರೆ. ಮಾರಿಸಿಬಿಡಲಾ, ಇನ್ನೂ ಕಾಯಲಾ?

ಉತ್ತರ: ಅಮ್ಮಾ, ಸ್ಪಿಟ್‌ಫೈರ್ ಬಾನೆಟ್ ಅಂದರೆ ಮುಂದಿನ ಎರಡೂ ರೆಕ್ಕೆ ಸೇರಿ ಒಂದೇ ತುಂಡು. ಅದು ಊಟದ ಕೋಣೆಯಲ್ಲಿ ನಾಲ್ಕು ವರ್ಷ ನಿಂತಿದೆ ಅಂದರೆ ನಿಮ್ಮ ತಾಳ್ಮೆ ದೊಡ್ಡದು.

ಇವತ್ತು ಇದ್ದ ಹಾಗೆ ಮಾರಿದರೆ ನಷ್ಟ. ಬಿಚ್ಚಿದ ಕಾರನ್ನು ಕೊಳ್ಳುವವರು ಕಡಿಮೆ, ಬಂದವರೂ ಡಬ್ಬಗಳಲ್ಲಿ ಏನಿಲ್ಲ ಅಂತ ಹುಡುಕುತ್ತಾರೆ. ಅದೇ ನಾಲ್ಕು ಚಕ್ರದ ಮೇಲೆ ನಿಂತು ತಳ್ಳಿದರೆ ಉರುಳುವ ಸ್ಥಿತಿಗೆ ತಂದರೆ ರೇಟು ಏರುತ್ತದೆ. ಹಾಗಾಗಿ ಯಜಮಾನರಿಗೆ ಕಾರು ಮುಗಿಸಿ ಅಂತ ಹೇಳಬೇಡಿ, ಮೇ ತಿಂಗಳೊಳಗೆ ಉರುಳುವ ಹಾಗೆ ಮಾಡಿ ಅಂತ ಹೇಳಿ. ಇದಕ್ಕೆ ಅವರ ಹತ್ತಿರ ನೆಪ ಇರುವುದಿಲ್ಲ. ಸ್ಪಿಟ್‌ಫೈರ್‌ಗೆ ಚಾಸಿ ಬೇರೆ ಇದೆ, ಸಸ್ಪೆನ್ಷನ್, ಬ್ರೇಕ್ ಜೋಡಿಸಿ ನಿಲ್ಲಿಸಲು ಬಾಡಿಯ ಕೆಲಸ ಮುಗಿಯಬೇಕಾಗಿಲ್ಲ. ಬಾಡಿ ಮೇಲೆ ಕೂರಿಸುವ ಮುಂಚೆ ಸಿಲ್ ಮಾತ್ರ ನೋಡಿಸಲಿ, ಚಾಸಿ ಇದ್ದರೂ ಈ ಕಾರಿನಲ್ಲಿ ಅದಕ್ಕೆ ಕೆಲಸ ಇದೆ.

ಎಂಜಿನ್ ಇನ್ನೂ ಬಿಚ್ಚಿಲ್ಲ ಅಂದರೆ ಇದನ್ನೂ ಹೇಳಿ: ಮುಂದಿನ ಪುಲ್ಲಿಯನ್ನು ಹಿಂದೆ ಮುಂದೆ ತಳ್ಳಿ ಎಳೆದು ನೋಡಲಿ. ಕಣ್ಣಿಗೆ ಕಾಣುವಷ್ಟು ಆಡಿದರೆ ಒಳಗೆ ಕ್ರ್ಯಾಂಕ್ ಹಿಂದೆ ಮುಂದೆ ಜಾರದಂತೆ ಹಿಡಿಯುವ ಥ್ರಸ್ಟ್ ವಾಷರ್ ಸವೆದಿದೆ. ಅದು ಕಳಚಿ ಬಿದ್ದಿದ್ದರೆ ಬ್ಲಾಕೇ ಹಾಳಾಗಿರಬಹುದು. ಹಾಗಿದ್ದರೆ ಮಾರುವ ಮಾತು ಆಗ ಆಡಬಹುದು. ನಟ್ಟು ಬೋಲ್ಟುಗಳನ್ನು ಚೀಲದಲ್ಲಿ ಹಾಕಿ ಹೆಸರು ಬರೆದಿದ್ದಾರಾ ಕೇಳಿ. ಬರೆದಿದ್ದರೆ ಮನುಷ್ಯನಿಗೆ ಮುಗಿಸುವ ಮನಸ್ಸಿದೆ. ಒಂದೇ ಬಕೆಟ್ಟಿನಲ್ಲಿ ಎಲ್ಲ ತುಂಬಿದ್ದರೆ ಮೇ ತಿಂಗಳು ಕೂಡ ಜಾಸ್ತಿ ಉದಾರವಾಯಿತು. ಬಾನೆಟ್ಟನ್ನಂತೂ ಈ ವಾರವೇ ಹೊರಗೆ ಕಳಿಸಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಇಲ್ಲಿ 1978ರ ಎಂಜಿಬಿ ತುಂಬ ಚೀಪಾಗಿ ಸಿಗುತ್ತಿದೆ, ತುಕ್ಕು ಒಂಚೂರೂ ಇಲ್ಲ. ಯೋಚನೆ ಮಾಡುವುದು ಏನಿದೆ?

ಉತ್ತರ: ಸ್ಮಾಗ್ ಟೆಸ್ಟ್, ಅಂದರೆ ಹೊಗೆ ಪರೀಕ್ಷೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಹಳೆ ಪೆಟ್ರೋಲ್ ಕಾರುಗಳಲ್ಲಿ 1975 ಮತ್ತು ಅದಕ್ಕಿಂತ ಹಿಂದಿನವಕ್ಕೆ ಮಾತ್ರ ವಿನಾಯಿತಿ. ನಿಮ್ಮ 1978ರದ್ದು ಎರಡು ವರ್ಷಕ್ಕೊಮ್ಮೆ ಪರೀಕ್ಷೆಗೆ ಹೋಗಬೇಕು, ಕಾರ್ಖಾನೆ ಹಾಕಿದ ಹೊಗೆ ನಿಯಂತ್ರಣದ ಪೈಪು, ಪಂಪು, ಕನ್ವರ್ಟರ್ ಎಲ್ಲ ಇರಬೇಕು. ಆ ವರ್ಷಗಳ ಅಮೆರಿಕನ್ ಎಂಜಿಬಿಗೆ ಎರಡು ಎಸ್‌ಯು ಬದಲು ಒಂದೇ ಝೆನಿತ್ ಕಾರ್ಬ್ಯುರೇಟರ್. ಅದನ್ನು ಕಿತ್ತು ಬೇರೆ ಹಾಕಿರುವವರೇ ಜಾಸ್ತಿ, ಕಿತ್ತರೆ ಟೆಸ್ಟ್ ಫೇಲ್. ಚೀಪಾಗಿರುವುದು ಬಹುಶಃ ಅದಕ್ಕೇ. ಮಾರುವವರು ಈಗ ಟೆಸ್ಟ್ ಪಾಸ್ ಮಾಡಿಸಿ ಸರ್ಟಿಫಿಕೇಟ್ ಕೊಟ್ಟರೆ ಸರಿ, ಅದು ಅವರ ಹೊಣೆಯೂ ಹೌದು. ಕೊಡದಿದ್ದರೆ ಬಿಡಿ, ಸ್ವಲ್ಪ ಜಾಸ್ತಿ ಕೊಟ್ಟು 1975ರದ್ದೋ ಅದರ ಹಿಂದಿನದೋ ಹುಡುಕಿ. ಎಂಜಿಬಿಗಳಲ್ಲಿ ಹೆಚ್ಚಿನವು ಹೋಗಿದ್ದೇ ಅಮೆರಿಕಕ್ಕೆ, ನಿಮ್ಮ ಒಣ ಹವೆಯಲ್ಲಿ ಉಳಿದುಕೊಂಡ ಕಾರುಗಳನ್ನು ಇಂಗ್ಲೆಂಡಿನವರು ಹಡಗಿನಲ್ಲಿ ವಾಪಸ್ ತರಿಸಿಕೊಂಡು ಸ್ಟಿಯರಿಂಗ್ ಬಲಕ್ಕೆ ಹಾಕಿಕೊಂಡಿದ್ದೂ ಉಂಟು. ಮೇಲೆ ಸ್ವಿಂಡನ್ನಿನವರ ಪತ್ರ ಓದಿ, ನಿಮ್ಮ ಅದೃಷ್ಟ ಗೊತ್ತಾಗುತ್ತದೆ.

ಪ್ರಶ್ನೆ: ಮೈಸೂರಿನವನು. ತಾತನ 1966ರ ಸ್ಟ್ಯಾಂಡರ್ಡ್ ಹೆರಾಲ್ಡ್ ಶೆಡ್ಡಿನಲ್ಲಿದೆ, ಎರಡು ಬಾಗಿಲಿನದು. ತಾತ ಇಲ್ಲ, ಆರ್‌ಸಿ ಅವರ ಹೆಸರಲ್ಲೇ ಇದೆ. ಇದರ ಟಾಪ್ ಕತ್ತರಿಸಿ ಓಪನ್ ಸ್ಪೋರ್ಟ್ಸ್ ಕಾರ್ ಮಾಡಿಸಬೇಕು ಅಂತ ಪ್ಲಾನ್. ಒಳ್ಳೆ ಟಿಂಕರಿಂಗ್‌ನವರು ಸಿಕ್ಕಿದ್ದಾರೆ. ಖರ್ಚು ಎಷ್ಟಾಗಬಹುದು?

ಉತ್ತರ: ಕಟ್ಟರ್ ಕೆಳಗಿಡಿಸಿ ಮೊದಲು!

ನಿಮ್ಮ ಮನೆಯಲ್ಲಿರುವುದು ಈಗಾಗಲೇ ಅರ್ಧ ಸ್ಪೋರ್ಟ್ಸ್ ಕಾರು. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್‌ನವರು 1961ರಿಂದ ಮಾಡಿದ ಹೆರಾಲ್ಡ್ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡೇ. ಮಿಲ್ಟನ್ ಕೀನ್ಸ್‌ನ ಅಮ್ಮನವರ ಊಟದ ಕೋಣೆಯಲ್ಲಿರುವ ಸ್ಪಿಟ್‌ಫೈರ್ ಇದರ ತಂಗಿ. ಎರಡನ್ನೂ ಗೆರೆ ಹಾಕಿದ್ದು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. ಬಾನೆಟ್ ರೆಕ್ಕೆ ಸಮೇತ ಮುಂದಕ್ಕೆ ಮಗುಚುವುದು, ಎಂಜಿನ್ ಪಕ್ಕದಲ್ಲಿ ಟೈರ್ ಮೇಲೆ ಕೂತು ಕೆಲಸ ಮಾಡಬಹುದಾದದ್ದು, ಚಿಕ್ಕ ಜಾಗದಲ್ಲಿ ಗಿರ್ರನೆ ತಿರುಗುವ ಸ್ಟಿಯರಿಂಗ್, ಎಲ್ಲ ಒಂದೇ ಮನೆತನದ್ದು. ಸ್ಪಿಟ್‌ಫೈರ್ ನಿಂತಿರುವುದೂ ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿದ ಚಾಸಿ ಮೇಲೆ. ಹಾಗಾಗಿ ಸಸ್ಪೆನ್ಷನ್, ಸ್ಟಿಯರಿಂಗ್ ಕಡೆಯ ಬಹಳಷ್ಟು ಪಾರ್ಟ್ಸ್ ಇಂಗ್ಲೆಂಡಿನಲ್ಲಿ ಇವತ್ತಿಗೂ ಹೊಸದು ಸಿಗುತ್ತದೆ. ಅಲ್ಲಿ ಯಾರಾದರೂ ನೆಂಟರಿದ್ದರೆ ಬರುವಾಗ ಸೂಟ್‌ಕೇಸಿನಲ್ಲಿ ಜಾಗ ಕೇಳಿಟ್ಟುಕೊಳ್ಳಿ.

ಟಾಪ್ ಕತ್ತರಿಸಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಕಾಗದದ್ದು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿತು. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಿಮ್ಮ ಕಾರು ವಯಸ್ಸಿನಲ್ಲಿ ಪಾಸು, ಮೇಲ್ಭಾಗ ಹಾರಿಸಿದರೆ ಫೇಲು. ಹೊಸದಾಗಿ ಮಾಡಿಸುವ ವಿಂಟೇಜ್ ರಿಜಿಸ್ಟ್ರೇಷನ್‌ಗೆ ಫೀಸು 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಈಗಾಗಲೇ ರಿಜಿಸ್ಟರ್ ಆಗಿರುವ ಗಾಡಿಗೆ ಹಳೆ ನಂಬರನ್ನೇ ಉಳಿಸಿಕೊಳ್ಳಲು ಅವಕಾಶ ಇದೆ. ತಾತನ ನಂಬರ್ ಬಿಡಬೇಡಿ. ಆದರೆ ವಿಂಟೇಜ್ ಮಾಡಿಸಿದರೆ ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ. ಭಾನುವಾರ ಶ್ರೀರಂಗಪಟ್ಟಣದವರೆಗೆ ಹೋಗಿ ಬರುವ ಆಸೆಯಿದ್ದರೆ ಮಾಮೂಲಿ ಆರ್‌ಸಿಯನ್ನೇ ರಿನ್ಯೂ ಮಾಡಿಸಿಕೊಳ್ಳುವುದು ವಾಸಿ. ಯಾವುದಾದರೂ ಸರಿ, ಮೊದಲು ಆರ್‌ಸಿ ನಿಮ್ಮ ಹೆಸರಿಗೆ ಬರಬೇಕು. ಡೆತ್ ಸರ್ಟಿಫಿಕೇಟ್ ತೆಗೆದಿಟ್ಟುಕೊಳ್ಳಿ, ಚಿಕ್ಕಪ್ಪ, ಅತ್ತೆಯಂದಿರು ಇದ್ದರೆ ಅವರ ಒಪ್ಪಿಗೆ ಪತ್ರವನ್ನೂ ಈಗಲೇ ಬರೆಸಿಕೊಳ್ಳಿ. ಕಾರು ಶೆಡ್ಡಿನಲ್ಲಿ ಧೂಳು ತಿನ್ನುವಾಗ ಯಾರಿಗೂ ಬೇಡ, ಬಣ್ಣ ಹೊಡೆಸಿ ನಿಲ್ಲಿಸಿದ ಮೇಲೆ ಎಲ್ಲರಿಗೂ ತಾತನ ನೆನಪಾಗುತ್ತದೆ.

ಆ ಒಳ್ಳೆ ಟಿಂಕರಿಂಗ್‌ನವರಿಗೆ ಬೇರೆ ಕೆಲಸ ಕೊಡಿ: ನೆಲದ ತಗಡು, ಚಾಸಿಯಿಂದ ಪಕ್ಕಕ್ಕೆ ಚಾಚಿದ ಕಬ್ಬಿಣದ ಕೈಗಳು, ಬಾನೆಟ್ ಕೀಲಿನ ಹತ್ತಿರದ ತುಕ್ಕು. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ ಎಲ್ಲವನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ, ನಮ್ಮ ಬಂಕುಗಳಲ್ಲಿ ಈಗ ಇ20, ಇಂಗ್ಲೆಂಡಿನ ಎರಡರಷ್ಟು. ಓಡಿಸುವಾಗ ಒಂದು ಎಚ್ಚರ. ಹೆರಾಲ್ಡಿನ ಹಿಂದಿನ ಆಕ್ಸಲ್ ಎರಡು ತುಂಡಿನದು, ಚಕ್ರಗಳು ರೆಕ್ಕೆ ಬಡಿದ ಹಾಗೆ ಏರಿಳಿಯುತ್ತವೆ. ಚಾಮುಂಡಿ ಬೆಟ್ಟ ಇಳಿಯುವಾಗ ತಿರುವಿಗೆ ಮೊದಲೇ ಸ್ಪೀಡ್ ಇಳಿಸಿ. ತಿರುವಿನ ನಡುವೆ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟು ಬ್ರೇಕ್ ತುಳಿದರೆ ಹಿಂದಿನ ಚಕ್ರ ಒಳಕ್ಕೆ ಮಡಚಿ ಕಾರು ತಿರುಗಿ ನಿಲ್ಲುತ್ತದೆ.

ಖರ್ಚು ಎಷ್ಟು ಅಂತ ಕೇಳಿದ್ದೀರಿ. ಕಾರಿನ ತಳದ ಫೋಟೊ ಇಲ್ಲದೆ ಹೇಳಲಾರೆ. ಚಾಸಿಯ ನಾಲ್ಕು ಮೂಲೆ, ಎರಡೂ ಬಾಗಿಲ ಸಂದು, ಡಿಕ್ಕಿಯ ನೆಲ, ಇಷ್ಟನ್ನು ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ. ಬಣ್ಣ ಹೊಡೆಸುವ ಮುಂಚೆ.